ವಿಮಾನ ಬೇಡ ಎನ್ನುವ ಬೇಡಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರನ್‌ವೇ ಆಚೆಯ ತಂತಿಬೇಲಿಯ ಮೇಲೆ ಮಂಜು ಕೂತಿದೆ. ಗಾಳಿಯ ದಿಕ್ಕು ತೋರಿಸಬೇಕಾದ ಬಟ್ಟೆಯ ಚೀಲ ಕಂಬಕ್ಕೆ ಜೋತುಬಿದ್ದು ತೂಕಡಿಸುತ್ತಿದೆ. ಶೆಡ್ಡಿನೊಳಗೆ ಎಂಟು ಸೀಟಿನ ಬಿಳಿ ವಿಮಾನದ ಮೂತಿಯನ್ನು ಮೆಕ್ಯಾನಿಕ್ ಒಬ್ಬ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಾನೆ. ಪಕ್ಕದ ತಗಡಿನ ಮಾಡಿನ ಕೋಣೆಯಲ್ಲಿ ಆಗಲೇ ದೀಪ ಉರಿಯುತ್ತಿದೆ, ಫೋನು ಹೊಡೆದುಕೊಳ್ಳುತ್ತಿದೆ.

ಸ್ವೆಟರಿನ ತೋಳು ಮೇಲೇರಿಸಿ ಮೇಜು ಒರೆಸುತ್ತಿದ್ದ ಹೆಂಗಸು ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಳ್ಳುತ್ತಾರೆ. ಆ ಕಡೆಯಿಂದ ಬಟ್ಟೆ ಗಿರಣಿಯ ಯಜಮಾನರೊಬ್ಬರ ಗಡಸು ದನಿ. ಇವತ್ತೇ ವಿಮಾನ ಬೇಕು, ಬಾಡಿಗೆ ಎಷ್ಟಾದರೂ ಚಿಂತೆಯಿಲ್ಲ.

‘‘ಎಷ್ಟು ಜನ ಸರ್?’’

ಇಬ್ಬರು. ರಾಜಧಾನಿಗೆ. ಮಧ್ಯಾಹ್ನ ಮಾತುಕತೆ, ರಾತ್ರಿ ಅಲ್ಲೇ ವಸತಿ, ನಾಳೆ ಸಂಜೆ ವಾಪಸ್ಸು.

‘‘ಸರ್, ಬೇಡ.’’

‘‘ಏನು ಬೇಡ?’’

‘‘ವಿಮಾನ ಬೇಡ. ನೀವು ಹೋಗೋ ಊರಿಗೆ ಬೆಳಗ್ಗೆ ಟಿಕೆಟ್ ತಗೊಂಡು ಹೋಗೋ ವಿಮಾನಗಳೇ ಬೇಕಾದಷ್ಟಿವೆ. ನಾವು ನಿಮ್ಮನ್ನ ಇಳಿಸಿ ಖಾಲಿ ವಾಪಸ್ ಬರ್ಬೇಕು, ನಾಳೆ ಕರ್ಕೊಂಡು ಬರೋಕೆ ಮತ್ತೆ ಖಾಲಿ ಹೋಗ್ಬೇಕು. ಆ ಖಾಲಿ ಸೀಟುಗಳ ಬಾಡಿಗೇನೂ ನಿಮ್ಮ ತಲೆ ಮೇಲೇ ಬರುತ್ತೆ. ನಿಮಗೆ ಉಳಿಯೋ ಸಮಯ ಮುಕ್ಕಾಲು ಗಂಟೆ ಇರಬಹುದು. ಅಷ್ಟಕ್ಕೆ ಇಷ್ಟು ಯಾಕೆ ಸರ್?’’

ಆ ಕಡೆಯಿಂದ ನಗು. ‘‘ಅಲ್ಲಮ್ಮ, ನಿಮಗೆ ಸಂಬಳ ಕೊಡೋದು ಗಿರಾಕಿ ಹಿಡಿಯೋಕೋ, ಓಡ್ಸೋಕೋ?’’

ಈ ಪ್ರಶ್ನೆ ಅವರಿಗೆ ಹೊಸದಲ್ಲ. ಬಾಡಿಗೆ ವಿಮಾನದ ಈ ಪುಟ್ಟ ಕಂಪನಿಯಲ್ಲಿ ಫೋನು ಎತ್ತುವವರು, ಪ್ರಯಾಣ ಗೊತ್ತುಮಾಡುವವರು, ಪೈಲಟ್‌ಗಳಿಗೆ ದಿನದ ದಾರಿ ತಿಳಿಸುವವರು ಎಲ್ಲ ಇವರೇ. ಫೋನೆತ್ತಿದರೆ ಬಾಯಲ್ಲಿ ಮೊದಲು ಬರುವ ಮಾತು ‘ಬೇಡ’ ಎಂದು ಪೈಲಟ್‌ಗಳು ತಮಾಷೆಗೆ ಇಟ್ಟ ಹೆಸರು ಬೇಡಕ್ಕ. ಈಗ ಮಾಲೀಕರೂ ಹಾಗೇ ಕರೆಯುತ್ತಾರೆ, ಇಂಧನದ ಲಾರಿಯವನೂ ಹಾಗೇ ಕರೆಯುತ್ತಾನೆ. ಅವರು ಬೇಸರಪಟ್ಟುಕೊಂಡಿಲ್ಲ. ‘‘ಬೇಕಕ್ಕ ಅಂತ ಕರೆಸ್ಕೊಳ್ಳೋದಕ್ಕಿಂತ ಇದೇ ವಾಸಿ’’ ಎನ್ನುತ್ತಾರೆ, ನಗದೆಯೇ.

ಮೇಜಿನ ಹಿಂದಿನ ಗೋಡೆಗೆ ಒಂದು ದೊಡ್ಡ ನಕ್ಷೆ ಅಂಟಿಸಿದೆ. ಊರುಗಳ ಮೇಲೆ ಬಣ್ಣಬಣ್ಣದ ಗುಂಡುಸೂಜಿ. ಪೂರ್ವದ ಬೆಟ್ಟಸಾಲಿನಾಚೆ, ಸೂಜಿಗಳು ಕಡಿಮೆಯಾಗುವ ಕಡೆ, ಮೂರು ಸಣ್ಣ ಊರುಗಳಿವೆ. ರೈಲಿಲ್ಲ, ಟಿಕೆಟಿನ ವಿಮಾನವಿಲ್ಲ; ಸಣ್ಣ ವಿಮಾನ ಇಳಿಯುವಷ್ಟು ಜಾಗ ಮಾತ್ರ ಇದೆ. ಬೆಟ್ಟ ಹತ್ತಿ ಇಳಿಯುವ ಒಂದೇ ಒಂದು ರಸ್ತೆ. ಬೇಡಕ್ಕನ ಬದುಕು ಎರಡು ಹೋಳಾದದ್ದು ಆ ರಸ್ತೆಯಲ್ಲಿ.

ಅವರ ಗಂಡ ಪಂಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ಕಾರು ಓಡಿಸುತ್ತಿದ್ದರು. ಕಂಪನಿಯ ಕಚೇರಿ ಇಲ್ಲಿ, ಕಾರ್ಖಾನೆಗಳು ಬೆಟ್ಟದಾಚೆಯ ಆ ಮೂರು ಊರುಗಳಲ್ಲಿ. ವಾರವಾರವೂ ಒಬ್ಬರೋ ಇಬ್ಬರೋ ಅಧಿಕಾರಿಗಳು ಕೋಳಿ ಕೂಗುವ ಮೊದಲು ಹೊರಟು, ಮೂರೂ ಕಡೆ ಕಾಲಿಟ್ಟು, ಅದೇ ದಿನ ಹಿಂತಿರುಗಬೇಕು. ಅಲ್ಲಿ ಉಳಿದರೆ ಕೋಣೆಯ ಬಾಡಿಗೆ ದಂಡ ಎಂದು ಕಚೇರಿಯ ಲೆಕ್ಕ. ಅಧಿಕಾರಿಗಳು ಹಿಂದಿನ ಸೀಟಿನಲ್ಲಿ ಒರಗಿ ಒಂದು ಜೊಂಪು ತೆಗೆಯುತ್ತಿದ್ದರು. ಸ್ಟಿಯರಿಂಗ್ ಹಿಡಿದವರಿಗೆ ಆ ಭಾಗ್ಯ ಎಲ್ಲಿಂದ ಬರಬೇಕು?

‘‘ಮನೆಗೆ ಬಂದ್ರೆ ಊಟದ ತಟ್ಟೆ ಮುಂದೇನೇ ತಲೆ ವಾಲಿಸ್ಬಿಡೋರು’’ ಎಂದು ಬೇಡಕ್ಕ ನೆನೆಯುತ್ತಾರೆ. ‘‘ಮಗಳು ಮೀಸೆ ಎಳೆದು ಎಬ್ಬಿಸೋಳು. ನಾವೆಲ್ಲ ನಗ್ತಿದ್ವಿ. ನಗೋ ವಿಷಯ ಅಲ್ಲ ಅಂತ ಯಾರಿಗೂ ಹೊಳೀಲಿಲ್ಲ ನೋಡಿ.’’

ಒಂದು ಸಂಜೆ, ಬೆಟ್ಟದ ಕೊನೆಯ ತಿರುವಿನಲ್ಲಿ, ಕಾರು ತಿರುಗಲೇ ಇಲ್ಲ. ನೆಟ್ಟಗೆ ಹೋಯಿತು. ಹಿಂದಿನ ಸೀಟಿನವರಿಬ್ಬರಿಗೆ ಮೂಳೆ ಮುರಿಯಿತು, ಜೀವ ಉಳಿಯಿತು. ಬೇಡಕ್ಕನ ಗಂಡ ಉಳಿಯಲಿಲ್ಲ. ಕಂಪನಿಯವರು ಬಂದರು, ಕೈ ಜೋಡಿಸಿದರು, ಪರಿಹಾರ ಕೊಟ್ಟರು. ಕಾಗದದ ಮೇಲೆ ಕಾರಣವೆಂದು ಬರೆದದ್ದು ‘ಚಾಲಕನ ಅಜಾಗರೂಕತೆ’.

ಆ ಪದವನ್ನು ಅತ್ತೆಗೆ ಓದಿ ಹೇಳಿದವರು ಬೇಡಕ್ಕನೇ. ಮುದುಕಿ ಹೇಳಿದ್ದಿಷ್ಟು: ‘‘ನನ್ನ ಮಗ ಚಿಕ್ಕಂದಿನಲ್ಲೂ ಒಂದು ಲೋಟ ಕೈಜಾರಿಸಿದವನಲ್ಲ. ಅವನಿಗೆ ನಿದ್ದೆ ಬೇಕಾಗಿತ್ತು, ಅಷ್ಟೇ.’’

ಅಳುತ್ತ ಕೂರುವಷ್ಟು ಪುರುಸೊತ್ತು ಸೊಸೆಗಿರಲಿಲ್ಲ. ಮಗಳಿನ್ನೂ ಅಕ್ಷರ ಕೂಡಿಸಿ ಓದುತ್ತಿದ್ದಳು. ಊರ ಹೊರಗಿನ ಈ ಸಣ್ಣ ವಿಮಾನ ನಿಲ್ದಾಣದಲ್ಲಿ ಕಸ ಗುಡಿಸಿ ಚಹಾ ಮಾಡಿಕೊಡುವ ಕೆಲಸವಿದೆ ಎಂದು ಯಾರೋ ಹೇಳಿದರು. ಅತ್ತೆ ಮೊಮ್ಮಗಳನ್ನು ಮಡಿಲಿಗೆ ಎಳೆದುಕೊಂಡು, ‘‘ಹೋಗು, ಮನೆ ನಾನು ನೋಡ್ಕೋತೀನಿ’’ ಎಂದರು. ಹಾಗೆ ಹೊರಬಿದ್ದ ಬೇಡಕ್ಕ ಕಾಯುವ ಕೋಣೆಯ ಸೋಫಾಗಳನ್ನು ಒರೆಸುತ್ತ, ಚಹಾದ ಟ್ರೇ ಹಿಡಿದು ಓಡಾಡುತ್ತ, ದೊಡ್ಡವರ ಮಾತಿಗೆ ಕಿವಿಯಾದರು. ಯಾರು ಯಾಕೆ ವಿಮಾನ ಹತ್ತುತ್ತಾರೆ, ಇಳಿದು ಬಂದಾಗ ಯಾರ ಮುಖ ಹೇಗಿರುತ್ತದೆ ಎಂಬುದನ್ನೆಲ್ಲ ನೋಡಿದರು. ಫೋನಿನ ಹುಡುಗಿ ಮದುವೆಯಾಗಿ ಕೆಲಸ ಬಿಟ್ಟಾಗ ಆ ಕುರ್ಚಿ ಖಾಲಿಯಾಯಿತು. ಹೊಸಬರು ಸಿಗುವವರೆಗೆ ಎಂದು ಕೂರಿಸಿದರು. ಹೊಸಬರನ್ನು ಹುಡುಕಲು ಆಮೇಲೆ ಯಾರೂ ಹೋಗಲಿಲ್ಲ.

ಕಲಿಸಿದವರು ಹಿರಿಯ ಕ್ಯಾಪ್ಟನ್. ನೆರೆತ ಗಡ್ಡದ, ಕಡಿಮೆ ಮಾತಿನ ಮನುಷ್ಯ. ವಿಮಾನ ನೆಲದ ಮೇಲೆ ನಿಂತರೂ ಖರ್ಚು ನಿಲ್ಲುವುದಿಲ್ಲ, ಹಾರಿದರೆ ಗಂಟೆಗೆ ಎಷ್ಟು ಇಂಧನ ಕುಡಿಯುತ್ತದೆ, ಪೈಲಟ್ ಎಷ್ಟು ಹೊತ್ತು ಹಾರಿದ ಮೇಲೆ ಕಡ್ಡಾಯವಾಗಿ ಮಲಗಬೇಕು ಎಂದೆಲ್ಲ ಬಿಡಿಸಿ ಹೇಳಿದರು. ಕೊನೆಯ ಮಾತಿಗೆ ಬೇಡಕ್ಕ ಥಟ್ಟನೆ ತಲೆಯೆತ್ತಿದ್ದರಂತೆ.

‘‘ಕಡ್ಡಾಯವಾಗಿ ಮಲಗ್ಬೇಕಾ?’’

‘‘ಹೂಂ. ಮಲಗ್ದೆ ಬಂದ್ರೆ ನನ್ನನ್ನ ಒಳಗೇ ಬಿಡಲ್ಲ.’’

‘‘ಆ ದಿನ ಮನೆಗೆ ಹೋಗಿ ಅತ್ತೆ ಹತ್ರ ಹೇಳ್ದೆ’’ ಎನ್ನುತ್ತಾರೆ ಬೇಡಕ್ಕ. ‘‘ಆಕಾಶದಲ್ಲಿ ಓಡ್ಸೋರ ನಿದ್ದೆಗೆ ಕಾನೂನು ಇದೆಯಂತೆ ಅತ್ತೆ, ಅಂತ. ಅವರು ಎದ್ದು ಹೋಗಿ ದೀಪ ಆರಿಸಿಬಿಟ್ರು.’’

ಬಾಡಿಗೆ ವಿಮಾನ ಎಂದರೆ ದುಡ್ಡಿದ್ದವರ ಷೋಕಿ ಎಂದು ಮೂಗು ಮುರಿಯುವವರು ಬಹಳ. ಬೇಡಕ್ಕನ ಅಭಿಪ್ರಾಯವೂ ಬಹುಮಟ್ಟಿಗೆ ಅದೇ. ಆದರೆ ಷೋಕಿಯಲ್ಲದ ಪ್ರಯಾಣವೂ ಇದೆ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಒಬ್ಬರೇ ಹೊರಟರೆ ಸಾಮಾನ್ಯವಾಗಿ ದಂಡ. ಆರೇಳು ಜನ ಒಟ್ಟಿಗೆ ಹೊರಟರೆ ಮಾತು ಬೇರೆ. ಹೋಗುವ ಊರಿಗೆ ಟಿಕೆಟಿನ ವಿಮಾನವಿದ್ದರೆ ಅದೇ ಸರಿ; ಇಲ್ಲದಿದ್ದರೆ, ಅದರಲ್ಲೂ ಒಂದೇ ದಿನ ಎರಡು ಮೂರು ಊರು ಸುತ್ತಬೇಕಾಗಿದ್ದರೆ, ಬೇಡಕ್ಕನ ಬಾಯಿಂದ ‘ಬೇಡ’ ಬರುವುದು ನಿಧಾನ. ಒಮ್ಮೆ ದೂರದ ಊರಿನ ಗಾಜಿನ ಕಾರ್ಖಾನೆಯೊಂದರ ಕುಲುಮೆ ಕೈಕೊಟ್ಟಿತ್ತು. ಒಳಗೆ ಕರಗಿದ ಗಾಜು ಗಟ್ಟಿಯಾದರೆ ಕುಲುಮೆಯನ್ನೇ ಒಡೆದು ಹಾಕಬೇಕು, ತಿಂಗಳುಗಟ್ಟಲೆ ಕೆಲಸ ನಿಲ್ಲುತ್ತದೆ. ರಿಪೇರಿಯವರು ನಾಲ್ವರು, ಜೊತೆಗೆ ಕೈಯಲ್ಲಿ ಎತ್ತಲಾಗದಷ್ಟು ಭಾರದ ಬಿಡಿಭಾಗ. ‘‘ಅವತ್ತು ಯಜಮಾನರು ಬಾಡಿಗೆ ಕೇಳಿ ಹಿಂದೆ ಮುಂದೆ ನೋಡ್ತಿದ್ರು. ಸರ್, ಯೋಚ್ನೆ ಆಮೇಲೆ ಮಾಡಿ, ಮೊದ್ಲು ಆ ನಾಲ್ಕು ಜನರನ್ನ ಇಲ್ಲಿಗೆ ಕಳ್ಸಿ ಅಂತ ನಾನೇ ಅವಸರ ಮಾಡ್ದೆ.’’ ಕುಲುಮೆ ಉಳಿಯಿತು.

ಎಲ್ಲವೂ ಹೀಗೆ ಸುಖಾಂತವಲ್ಲ. ಔಷಧ ವ್ಯಾಪಾರಿಯೊಬ್ಬರಿಗೆ ಅವರು ‘ಬೇಡ’ ಎಂದು ಟಿಕೆಟಿನ ವಿಮಾನಕ್ಕೆ ಕಳಿಸಿದರು. ಆ ವಿಮಾನ ಹೊರಡಲೇ ಇಲ್ಲ. ಸಂಜೆಯೊಳಗೆ ಸಹಿಯಾಗಬೇಕಿದ್ದ ಒಪ್ಪಂದ ಬೇರೆಯವರ ಪಾಲಾಯಿತು. ವ್ಯಾಪಾರಿ ನೆಟ್ಟಗೆ ಈ ಕೋಣೆಗೇ ಬಂದು ಬಾಯಿಗೆ ಬಂದಂತೆ ಬೈದು ಹೋದರು. ಬೇಡಕ್ಕ ಎದುರಾಡಲಿಲ್ಲ. ‘‘ಅವ್ರು ಬೈದದ್ದರಲ್ಲಿ ತಪ್ಪೇನಿದೆ? ನಷ್ಟ ಆಗಿದ್ದು ಅವ್ರಿಗೆ, ನನಗಲ್ಲ. ಆಮೇಲಿಂದ ನಾನು ಇನ್ನೊಂದು ಮಾತೂ ಕೇಳ್ತೀನಿ. ಇವತ್ತು ತಲುಪ್ದೆ ಹೋದ್ರೆ ಏನು ಕಳ್ಕೋತೀರಿ ಸರ್, ಅಂತ. ಕೆಲವ್ರು ಆ ಪ್ರಶ್ನೆಗೆ ಉತ್ತರಾನೇ ಕೊಡಲ್ಲ. ಆಗ ಗೊತ್ತಾಗುತ್ತೆ, ಅವಸರ ಏನಿಲ್ಲ ಅಂತ.’’

ಮಾಲೀಕರು ಇವರನ್ನು ಸಹಿಸಿಕೊಂಡದ್ದು ಸುಲಭದಲ್ಲಲ್ಲ. ವಿಮಾನದ ಮೇಲೆ ಸಾಲವಿದೆ. ಅದು ಶೆಡ್ಡಿನಲ್ಲಿ ನಿಂತಷ್ಟು ಹೊತ್ತೂ ಅವರು ಕಂತಿನ ಲೆಕ್ಕ ಹಾಕುತ್ತಿರುತ್ತಾರೆ. ‘‘ಎರಡು ಸಲ ಇವರನ್ನ ಕೆಲಸದಿಂದ ತೆಗೀಬೇಕು ಅಂತ ಕರೆಸಿದ್ದೆ’’ ಎಂದು ಅವರೇ ಒಪ್ಪಿಕೊಳ್ಳುತ್ತಾರೆ. ‘‘ಕರೆಸಿದಾಗೆಲ್ಲ ಹಿಂದೆ ಇವರು ಬೇಡ ಅಂತ ಕಳಿಸಿದ್ದ ಯಾವನೋ ವಾಪಸ್ ಬಂದು ಕೂತಿರ್ತಿದ್ದ, ಈ ಸಲ ನಿಜವಾಗ್ಲೂ ಬೇಕು ಅಂತ. ಹಾಗಾಗಿ ಬಿಟ್ಟೆ.’’ ಹೊಗಳಿಕೆ ಎಂದರೆ ಅವರ ಬಾಯಲ್ಲಿ ಇಷ್ಟೇ.

ಬೇಡಕ್ಕನಿಗೆ ನಿಜವಾದ ಪರೀಕ್ಷೆ ಬಂದದ್ದು ಹೋದ ವರ್ಷ. ಬೆಳಗಿನ ಹೊತ್ತು ಫೋನು ಎತ್ತಿದರೆ ಆ ಕಡೆಯವರು ಹೇಳಿದ್ದು ಗಂಡ ಕೆಲಸ ಮಾಡುತ್ತಿದ್ದ ಪಂಪು ಕಂಪನಿಯ ಹೆಸರು. ಮಾತಾಡುತ್ತಿದ್ದವರು ಹೊಸ ಮ್ಯಾನೇಜರ್. ದನಿಯಲ್ಲಿ ಇನ್ನೂ ಹುಡುಗುತನವಿತ್ತು. ಬೆಟ್ಟದಾಚೆಯ ಕಾರ್ಖಾನೆಗಳಿಗೆ ವಾರಕ್ಕೊಮ್ಮೆ ಒಬ್ಬ ಅಧಿಕಾರಿ ಹೋಗಬೇಕು. ಕಾರಿಗಿಂತ ವಿಮಾನವೇ ಲಾಭವೋ ಹೇಗೆ, ಸ್ವಲ್ಪ ಹೇಳುತ್ತೀರಾ ಎಂದು ಕೇಳಿದರು.

‘‘ನಾಳೆ ಹೇಳ್ತೀನಿ ಸರ್ ಅಂತ ಫೋನಿಟ್ಟೆ. ಅಷ್ಟು ವರ್ಷದಲ್ಲಿ ಯಾರಿಗೂ ನಾಳೆ ಅಂದವಳಲ್ಲ’’ ಎನ್ನುತ್ತಾರೆ ಬೇಡಕ್ಕ.

ಉತ್ತರ ಅವರಿಗೆ ಗೊತ್ತೇ ಇತ್ತು. ಒಬ್ಬ ಮನುಷ್ಯನಿಗಾಗಿ ಎಂಟು ಸೀಟಿನ ವಿಮಾನ ಯಾವ ಕೋನದಿಂದ ನೋಡಿದರೂ ಗಿಟ್ಟುವುದಿಲ್ಲ. ಬೇರೆ ಯಾರೇ ಕೇಳಿದ್ದರೂ ‘ಬೇಡ’ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಆದರೆ ಬೇಡ ಎಂದರೆ ಆ ಕಾರು ಮತ್ತೆ ಅದೇ ರಸ್ತೆ ಹತ್ತುತ್ತದೆ. ಇನ್ಯಾರದೋ ಗಂಡ ಕಣ್ಣುಜ್ಜಿಕೊಳ್ಳುತ್ತ ಆ ಕೊನೆಯ ತಿರುವಿಗೆ ಬರುತ್ತಾನೆ. ‘ಬೇಕು ಸರ್, ಲಾಭವೇ’ ಎಂದು ಒಂದು ಮಾತು ಹೇಳಿಬಿಟ್ಟರೆ ಆ ರಸ್ತೆಯ ಸಹವಾಸವೇ ತಪ್ಪುತ್ತದೆ. ಮಾಲೀಕರಿಗೂ ಖುಷಿ. ಸುಳ್ಳೆಂದು ಹಿಡಿಯುವವರು ಯಾರು?

ಅಂದು ಮನೆಯಲ್ಲಿ ಊಟಕ್ಕೆ ಕೂತಾಗ ಅತ್ತೆ ಅವರ ಮುಖ ನೋಡಿಯೇ, ‘‘ಏನಾಯ್ತೇ?’’ ಎಂದರು. ಸೊಸೆ ಎಲ್ಲ ಹೇಳಿದರು. ಕಂಪನಿಯ ಹೆಸರು ಕಿವಿಗೆ ಬಿದ್ದಾಗ ಮುದುಕಿಯ ಕೈ ತಟ್ಟೆಯ ಮೇಲೆ ನಿಂತಿತು. ಮೊಮ್ಮಗಳು ನೀರಿನ ಲೋಟ ಹತ್ತಿರ ಸರಿಸಿದಳು.

‘‘ವಿಮಾನ ಲಾಭ ಅಂತ ಹೇಳಿಬಿಡ್ಲಾ ಅತ್ತೆ?’’

‘‘ಲಾಭ ಹೌದಾ?’’

‘‘ಅಲ್ಲ.’’

‘‘ಹಾಗಾದ್ರೆ ಸುಳ್ಳು ಹೇಳ್ಬೇಡ. ಇವತ್ತಲ್ಲ ನಾಳೆ ಗೊತ್ತಾಗಿ ವಿಮಾನ ಬಿಡ್ತಾರೆ, ಮತ್ತೆ ಅದೇ ಕಾರು. ನಿನ್ನ ಮಾತಿಗೂ ಬೆಲೆ ಇರಲ್ಲ.’’ ಅತ್ತೆ ನೀರು ಕುಡಿದು ಮುಂದುವರಿಸಿದರು. ‘‘ಆದ್ರೆ ಕಾರಿಂದು ಅವ್ರು ಹಾಕಿರೋ ಲೆಕ್ಕ ಸರಿಯಾ? ಅದರಲ್ಲಿ ಓಡ್ಸೋನ ನಿದ್ದೆ ಎಲ್ಲಾದ್ರೂ ಇದೆಯಾ? ಅದನ್ನ ಕೇಳು. ಅವತ್ತು ಕೇಳೋಕೆ ನಮಗೆ ಬಾಯಿರಲಿಲ್ಲ. ಈಗ ಅವ್ರೇ ಬಂದು ನಿನ್ನನ್ನ ಕೇಳ್ತಿದ್ದಾರೆ.’’

ಮರುದಿನ ಬೇಡಕ್ಕ ತಾವಾಗಿ ಫೋನು ಮಾಡಿದರು. ಮೊದಲ ಮಾತು ಮಾಮೂಲಿನದೇ: ಒಬ್ಬರಿಗೆ ವಿಮಾನ ಬೇಡ. ಮ್ಯಾನೇಜರ್ ಥ್ಯಾಂಕ್ಸ್ ಹೇಳಿ ಫೋನಿಡಲು ಹೊರಟರು.

‘‘ಇಡ್ಬೇಡಿ ಸರ್. ಕಾರಲ್ಲಿ ಹೋಗಿ ಅದೇ ದಿನ ಬರೋದೂ ಬೇಡ.’’

‘‘ಹಾಂ?’’

‘‘ಒಬ್ಬನೇ ಡ್ರೈವರು ಬೆಳಗ್ಗೆಯಿಂದ ಸಂಜೆವರೆಗೆ ಬೆಟ್ಟ ಹತ್ತಿ ಇಳಿಯೋದು ಅಗ್ಗ ಅಂತ ಕಾಣುತ್ತೆ. ಅವನಿಗೆ ಅಲ್ಲೇ ಒಂದು ಹಾಸಿಗೆ ಕೊಡ್ಬೇಕು, ಮಾರನೇ ದಿನ ಹೊರಡಿಸ್ಬೇಕು. ಅದನ್ನೂ ಸೇರಿಸಿದ್ರೆ ನಿಜವಾದ ಖರ್ಚು. ಹಾಗೆ ನೋಡಿದ್ರೆ ವಾರ ವಾರ ಒಬ್ಬೊಬ್ರನ್ನ ಕಳ್ಸೋದೇ ದುಬಾರಿ. ಎಲ್ರೂ ಸೇರಿ ತಿಂಗಳಿಗೊಂದು ಸಲ ಹೋಗಿ. ಆರು ಜನ, ಮೂರು ಊರು, ಒಂದೇ ದಿನ. ಅದಕ್ಕೆ ನಮ್ಮ ವಿಮಾನ ತಗೊಳ್ಳಿ. ಅದು ಗಿಟ್ಟುತ್ತೆ. ಮಧ್ಯೆ ಯಾರಾದ್ರೂ ಹೋಗ್ಲೇಬೇಕು ಅಂದ್ರೆ ಕಾರು, ಆದ್ರೆ ರಾತ್ರಿ ಅಲ್ಲೇ ಉಳ್ಕೊಳ್ಳಿ.’’

ಮ್ಯಾನೇಜರ್ ಕುತೂಹಲದಿಂದಲೇ ಕೇಳಿದರು. ‘‘ಆ ರಸ್ತೆ ನಿಮಗೆ ಚೆನ್ನಾಗಿ ಗೊತ್ತಿರೋ ಹಾಗಿದೆ?’’

‘‘ನಾನು ಹೋಗಿಲ್ಲ ಸರ್. ನಮ್ಮನೆಯವ್ರು ನಿಮ್ಮ ಕಂಪನಿ ಕಾರು ಓಡಿಸ್ತಿದ್ರು.’’

ಬೇರೇನೂ ಹೇಳುವ ಅಗತ್ಯ ಬೀಳಲಿಲ್ಲ. ಆ ಕಡೆ ಯಾರನ್ನೋ ಕರೆದು ಕೇಳಿದ ಸದ್ದು, ಪಿಸುಮಾತು, ಕುರ್ಚಿ ಎಳೆದ ಸದ್ದು. ಎರಡು ದಿನ ಕಳೆದ ಮೇಲೆ ಮ್ಯಾನೇಜರ್ ತಾವೇ ಇಲ್ಲಿಗೆ ಬಂದರು. ಬಂದವರು ನಿಂತೇ ಇದ್ದರು. ಬೇಡಕ್ಕ ಚಹಾ ಕೊಟ್ಟ ಮೇಲೆ ಕೂತು, ‘‘ನಾನು ಆಗ ಇರಲಿಲ್ಲ ಅಕ್ಕ’’ ಎಂದರು.

‘‘ಗೊತ್ತು. ನೀವು ಈಗ ಇದ್ದೀರಲ್ಲ, ಅದೇ ಸಾಕು’’ ಎಂದರಂತೆ ಬೇಡಕ್ಕ.

ಆ ಕಂಪನಿಯ ಡ್ರೈವರುಗಳು ಈಗ ಬೆಟ್ಟದಾಚೆ ಹೋದ ದಿನವೇ ಹಿಂತಿರುಗುವುದಿಲ್ಲ. ತಿಂಗಳಿಗೊಮ್ಮೆ ಆರೇಳು ಜನ ವಿಮಾನ ಹತ್ತುತ್ತಾರೆ. ವಾರವಾರ ಬರಬಹುದಾಗಿದ್ದ ವ್ಯಾಪಾರ ತಿಂಗಳಿಗೊಂದಕ್ಕೆ ಇಳಿಯಿತೆಂದು ಮಾಲೀಕರು ಕೆಲವು ದಿನ ಮುಖ ಗಂಟಿಕ್ಕಿಕೊಂಡೇ ಓಡಾಡಿದರು. ಹಳೆಯ ಕಾಗದದಲ್ಲಿ ಮಾತ್ರ ‘ಚಾಲಕನ ಅಜಾಗರೂಕತೆ’ ಇನ್ನೂ ಹಾಗೇ ಇದೆ. ಅದನ್ನು ತಿದ್ದಿಸಲು ಮ್ಯಾನೇಜರ್ ಓಡಾಡಿದರು, ಆಗಲಿಲ್ಲ. ಅತ್ತೆ ಅದನ್ನು ಕೇಳಿ, ‘‘ಹೋಗ್ಲಿ ಬಿಡು’’ ಎಂದರು. ಆದರೆ ಆಮೇಲೆ ಮಗನ ಹೆಸರು ಹಿಡಿದು ಎರಡು ಸಲ ಕರೆದರು ಎಂದು ಹೇಳುವಾಗ ಬೇಡಕ್ಕ ನಕ್ಷೆಯ ಕಡೆ ತಿರುಗುತ್ತಾರೆ.

ಒಮ್ಮೆ ಮಾತ್ರ ಅವರು ವಿಮಾನದಲ್ಲಿ ಕೂತಿದ್ದಾರೆ. ಕೆಲಸ ಮುಗಿಯದೆ ಬೆಟ್ಟದಾಚೆ ರಾತ್ರಿ ಉಳಿದಿದ್ದ ಪಂಪು ಕಂಪನಿಯವರನ್ನು ಕರೆತರಲು ವಿಮಾನ ಖಾಲಿ ಹೊರಟಿತ್ತು. ‘‘ಬಾ ಬೇಡಕ್ಕ, ಸೀಟು ಖಾಲಿಯೇ ಇದೆ’’ ಎಂದು ಹಿರಿಯ ಕ್ಯಾಪ್ಟನ್ ಕರೆದರು. ಈ ಒಂದು ಸಲ ಅವರ ಬಾಯಿಂದ ಬೇಡ ಬರಲಿಲ್ಲ. ಕಿಟಕಿಗೆ ಹಣೆ ಒತ್ತಿ ಕೂತರು. ಬೆಟ್ಟದ ಮೇಲೆ ಬಂದಾಗ ಕೆಳಗೆಲ್ಲ ದಟ್ಟ ಮೋಡ. ರಸ್ತೆ ಕಾಣಲೇ ಇಲ್ಲ. ‘‘ಬೇಜಾರಾಯ್ತು ಅಂತ ಕ್ಯಾಪ್ಟನ್ ಅಂದ್ಕೊಂಡ್ರು. ನನಗೆ ಹಗುರ ಆಯ್ತು. ಊಟಕ್ಕೆ ಕೂತು ಏಳೋಷ್ಟರಲ್ಲಿ ದಾಟಿಬಿಟ್ವಿ. ನಮ್ಮನೆಯವ್ರು ಇಡೀ ದಿನ ಒದ್ದಾಡಿದ ದಾರಿ.’’

ಮಧ್ಯಾಹ್ನ ಬಿಸಿಲು ಏರಿದೆ. ವಿಮಾನ ಇಳಿಯುವ ಹೊತ್ತಾಯಿತೆಂದು ಹೊರಗೆ ನಾಲ್ಕಾರು ಕಾರುಗಳು ಬಂದು ನಿಂತಿವೆ. ಯಜಮಾನರು ಆಕಾಶದಲ್ಲಿ ಹೊತ್ತು ಉಳಿಸಿಕೊಂಡು ಬರುತ್ತಾರೆ. ಅವರನ್ನು ಮನೆ ಮುಟ್ಟಿಸಬೇಕಾದವರು ಬೆಳಗಿನಿಂದ ಕಾರಿನಲ್ಲೇ ಬೆಂದಿರುತ್ತಾರೆ. ಬೇಡಕ್ಕ ಮಾಲೀಕರ ಬೆನ್ನು ಬಿದ್ದು ಹಳೆ ಟೈರು ಒಟ್ಟಿದ್ದ ಕೋಣೆಯೊಂದನ್ನು ಖಾಲಿ ಮಾಡಿಸಿದ್ದಾರೆ. ಸುಣ್ಣ ಬಳಿದದ್ದು ಅವರೇ. ಎರಡು ಮಂಚ, ಒಂದು ಫ್ಯಾನು, ಕುಡಿಯುವ ನೀರು, ಒಳಗಿನಿಂದ ಹಾಕಿಕೊಳ್ಳಬಹುದಾದ ಒಂದು ಬಾಗಿಲು. ಡ್ರೈವರುಗಳು ಮೊದಮೊದಲು ಸಂಕೋಚಪಟ್ಟು ಹೊಸಿಲು ದಾಟುತ್ತಿರಲಿಲ್ಲ. ಈಗ ಮಂಚ ಖಾಲಿ ಇರುವುದೇ ಅಪರೂಪ. ಇನ್ನೂ ಎರಡು ಬೇಕೆಂದು ಬೇಡಕ್ಕ ಮಾಲೀಕರನ್ನು ಕೇಳಿದ್ದಾರೆ. ‘‘ನನಗೆ ಬೇರೆ ಆಸೆ ಏನಿಲ್ಲ. ಇನ್ನೆರಡು ಮಂಚ ಬಂದ್ರೆ ಸಾಕು’’ ಎನ್ನುತ್ತಾರೆ.

ವಿಮಾನ ಇಳಿಯುತ್ತದೆ. ಕೋಟು ತೋಳಿಗೆ ಹಾಕಿಕೊಂಡ ದೊಡ್ಡ ಮನುಷ್ಯರೊಬ್ಬರು ದಾಪುಗಾಲಿಡುತ್ತ ಬಂದು, ಗಡಿಯಾರ ನೋಡುತ್ತ, ‘‘ನಮ್ಮ ಡ್ರೈವರ್ ಎಲ್ಲಿ? ಕಾರಲ್ಲಿಲ್ಲ’’ ಎಂದು ಕೇಳುತ್ತಾರೆ.

‘‘ಈಗ ತಾನೇ ಕಣ್ಣು ಹತ್ತಿದೆ ಸರ್. ಮುಂದೆ ದೂರದ ದಾರಿ ಇದೆ ನಿಮಗೆ.’’ ಬೇಡಕ್ಕ ಕುರ್ಚಿಯೊಂದನ್ನು ಎಳೆದು ಅವರ ಮುಂದಿಡುತ್ತಾರೆ. ‘‘ಸ್ವಲ್ಪ ಹೊತ್ತು ಕೂತ್ಕೊಳ್ಳಿ. ಚಹಾ ತರ್ತೀನಿ.’’

ದೊಡ್ಡ ಮನುಷ್ಯರು ಮುಚ್ಚಿದ ಬಾಗಿಲನ್ನೊಮ್ಮೆ, ಬೇಡಕ್ಕನ ಮುಖವನ್ನೊಮ್ಮೆ ನೋಡುತ್ತಾರೆ. ಆಮೇಲೆ ಕೋಟನ್ನು ಮಡಿಲಲ್ಲಿಟ್ಟುಕೊಂಡು ಕೂತುಕೊಳ್ಳುತ್ತಾರೆ.